ಒಬ್ಬರ ದೋಣಿಯಲ್ಲಿ ಬೀಗರು

ನಮ್ಮ ದೋಣಿ ಒಬ್ಬರಿಗೆಂದೇ ಮಾಡಿದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮೂರಿನವರಿಗೆ ಒಬ್ಬರಿಗೆಂದೇ ಮಾಡಿದ ವಸ್ತು ಎಂದರೆ ಅರ್ಥವಾಗುವುದಿಲ್ಲ. ದಾವಣಗೆರೆಯ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಕಾಲ ಹತ್ತಿರ ಒಂದು ಗ್ಯಾಸ್ ಸಿಲಿಂಡರ್ ಆರಾಮಾಗಿ ಹೋಗುತ್ತವೆ. ಹೋಟೆಲಿನಲ್ಲಿ ಇಬ್ಬರು ಕೂತು ಕಾಫಿ ಎಂದರೆ ಸಪ್ಲೈಯರ್ ಕೇಳದೆಯೇ ಬೈ-ಟು ತಂದಿಡುತ್ತಾನೆ. ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆ ಮುಂದೆ ಅಷ್ಟುದ್ದದ ದೋಣಿ ಬಂದು ಇಳಿದ ದಿನ, "ಇದ್ರಾಗೆ ಎಷ್ಟು ಜನ ಕೂಡ್ರಬೋದ್ರಿ?" ಎಂದು ಕೇಳಿದವರಿಗೆಲ್ಲ ನಾನು "ಒಬ್ರು" ಎನ್ನುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟು ಜಿಪುಣಿ ಎಂದುಕೊಂಡರೋ ಏನೋ.

ದೋಣಿ ಎಂದರೆ ಅಕ್ಕಪಕ್ಕ ಎರಡು ಸಪೂರ ಒಡಲು, ಅವನ್ನು ಜೋಡಿಸುವ ಅಡ್ಡ ಕೊಳವೆಗಳು, ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಬಲೆ. ಆ ಬಲೆಯನ್ನು ನಾವು ಮನೆಮಂದಿ ಚಾಪೆ ಎನ್ನುತ್ತೇವೆ. ಕೂರುವುದು, ಉರುಳುವುದು, ಬೀಳುವುದು ಎಲ್ಲ ಅದರ ಮೇಲೆಯೇ. ನಡುವೆ ಎರಡಂತಸ್ತಿನ ಮನೆಗಿಂತ ಎತ್ತರದ ಕಂಬ, ಅದಕ್ಕೊಂದೇ ಹಾಯಿ. ಎಂಜಿನ್ ಇಲ್ಲ, ಹುಟ್ಟು ಇಲ್ಲ. ಇಷ್ಟೆಲ್ಲ ಸೇರಿ ಒಂದೂವರೆ ಚೀಲ ಮೆಕ್ಕೆಜೋಳದಷ್ಟು ಭಾರ. ರೇಸಿಗೆಂದು ಮಾಡಿದ್ದರಿಂದ ಅದರ ಮೈಯಲ್ಲಿ ಬೇಡದ್ದು ಒಂದು ಗುಲಗಂಜಿಯಷ್ಟೂ ಇಲ್ಲ. ನಮ್ಮ ಮೈಯಲ್ಲಿ ಇರುವುದನ್ನೂ ಅದು ಸಹಿಸುವುದಿಲ್ಲ. ದೀಪಾವಳಿ ಮುಗಿಸಿ ಹೋದರೆ ಆ ವಾರ ಮೊಂಡು ಮಾಡುತ್ತದೆ.

ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು. ವರ್ಗವಾಗಿ ಕೆಲವು ವರ್ಷ ಗೋವಾದಲ್ಲಿದ್ದೆವು. ಅವರು ಬ್ಯಾಂಕಿಗೆ, ಮಗಳು ಶಾಲೆಗೆ ಹೋದ ಮೇಲೆ ನಾನು ಗೋಡೆ ನೋಡುತ್ತ ಕೂರಲಾರದೆ ಹಾಯಿದೋಣಿ ಕಲಿಸುವ ಕ್ಲಬ್ಬಿಗೆ ಸೇರಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಮನೆಯಲ್ಲಿ ಅದರಿಂದ ಯಾರಿಗೂ ಉಪಯೋಗವಾಗಿರಲಿಲ್ಲ; ನೀರಿನ ಮೇಲೆ ಬಹಳ ಉಪಯೋಗವಾಯಿತು. ಗಾಳಿ ತಿರುಗಿದಾಗ "ಏನು ಮಾಡೋಣ" ಎಂದು ಸೌಮ್ಯವಾಗಿ ಯೋಚಿಸುವವರು ನೀರಿಗೆ ಬೀಳುತ್ತಾರೆ. ನಾನು ಕಲಿತು ಮಗಳಿಗೂ ಕಲಿಸಿದೆ. ಊರಿಗೆ ಹಿಂತಿರುಗುವಾಗ ಕ್ಲಬ್ಬಿನವರು ಹಳೆಯದೆಂದು ಮೂಲೆಗೆ ತಳ್ಳಿದ್ದ ಈ ದೋಣಿಯನ್ನು ಕೊಂಡುಕೊಂಡೆ. ಮೆಕ್ಕೆಜೋಳ ಇಳಿಸಿ ಖಾಲಿ ಹಿಂತಿರುಗುತ್ತಿದ್ದ ನಮ್ಮೂರ ಲಾರಿಯೊಂದರಲ್ಲಿ ಅದು ಬಂತು. ಹಿಂದೆ ಚಾಚಿಕೊಂಡ ಕಂಬಕ್ಕೆ ಡ್ರೈವರ್ ಕೆಂಪು ಬಟ್ಟೆಯ ಜೊತೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಕಟ್ಟಿದ್ದ. ಒಳ್ಳೆಯ ಮನುಷ್ಯ.

ಹರಿಹರದ ಹತ್ತಿರ ಕೊಂಡಜ್ಜಿ ಕೆರೆ ಇದೆಯಲ್ಲ, ಅದರ ದಂಡೆಯ ಸಮೀಪ ಪರಿಚಯದವರ ತೋಟದ ಶೆಡ್ಡಿನಲ್ಲಿ ದೋಣಿಯ ವಾಸ. ಕೆರೆಗಿಳಿಸಲು ಅನುಮತಿ ತರಲು ಯಜಮಾನರು ಎಷ್ಟು ಆಫೀಸು ಅಲೆದರು ಎಂಬುದನ್ನು ಅವರೇ ಬರೆಯಲಿ. ಭಾನುವಾರ ಬೆಳಿಗ್ಗೆ ತಿಂಡಿ ಕಟ್ಟಿಕೊಂಡು ಮೂವರೂ ಹೋಗುತ್ತಿದ್ದೆವು. ಅವರು ದಂಡೆಯ ಮೇಲೆ ಮಡಿಚುವ ಕುರ್ಚಿ ಹಾಕಿಕೊಂಡು ಪೇಪರ್ ಓದುವರು. ನಾನು ಒಂದು ಸುತ್ತು, ಮಗಳು ಒಂದು ಸುತ್ತು.

ಮಗಳು ನನ್ನ ಹಾಗಲ್ಲ. ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುತ್ತಾಳೆ, ಹಿಂದಿನ ಬೆಂಚಿನವರಿಗೆ ಕೇಳಿಸುತ್ತದೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ. "ಜಗಳ ಬ್ಯಾಡ ಬಿಡಮ್ಮ" ಎನ್ನುವುದು ಅವಳ ನಿತ್ಯದ ಮಾತು. ಅಂಗಡಿಯವನು ಬೇರೆ ಬಣ್ಣದ ಸೀರೆ ಕೊಟ್ಟರೂ ಅದನ್ನೇ ಉಟ್ಟುಕೊಳ್ಳುತ್ತಾಳೆ. ಯಾರಿಗೂ ಬೇಜಾರಾಗಬಾರದೆಂದು ತನ್ನದನ್ನು ಬಿಟ್ಟುಕೊಡುವ ಜಾತಿ. ಅವಳು ಬಿಟ್ಟುಕೊಡದೆ ಇಟ್ಟುಕೊಂಡದ್ದು ಇದೊಂದೇ, ಭಾನುವಾರದ ಕೆರೆ. ಹಾಗಾಗಿ ಅವಳಿಗೆ ಹರಿಹರದ ಹುಡುಗನ ಜೊತೆ ಮದುವೆ ಮಾತು ನಡೆದಾಗ ನನಗೆ ಮಿಕ್ಕಿದ್ದೆಲ್ಲಕ್ಕಿಂತ ಅದರದೇ ಚಿಂತೆಯಾಯಿತು. ಕೆರೆಯನ್ನು ಬಿಟ್ಟುಕೊಟ್ಟಳೆಂದರೆ ನಾಳೆ ಇನ್ನೊಂದನ್ನು ಬಿಡುತ್ತಾಳೆ, ನಾಡಿದ್ದು ಮತ್ತೊಂದನ್ನು. ಕೊನೆಗೆ ನಮ್ಮ ಹುಡುಗಿ ಎಲ್ಲಿದ್ದಾಳೆ ಎಂದು ಹುಡುಕಬೇಕಾಗುತ್ತದೆ.

ಹುಡುಗ ಒಳ್ಳೆಯವನು. ಅವನಿಗೆ ದೋಣಿಯ ಬಗ್ಗೆ ತಕರಾರಿಲ್ಲ. ಅವನ ಮನೆಯಲ್ಲಿ ತೂಕದ ಮಾತು ಅವನ ತಾಯಿಯದು. ಅವರ ಯಜಮಾನರು ಹೊಲ ನೋಡಿಕೊಂಡರೆ, ಬೀಜ-ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಈ ತಾಯಿ. ಎತ್ತರದ ಆಳು, ಗಟ್ಟಿ ಕೈ, ನಮ್ಮೆದುರು ಕಡಿಮೆ ಮಾತು. ಮಾತುಕತೆಯ ದಿನ ನಮ್ಮ ಮನೆಯಲ್ಲಿ ಎಲ್ಲರ ಮುಂದೆ ಮಗಳು ಹೇಗೋ ಧೈರ್ಯ ಮಾಡಿ, "ಭಾನುವಾರ ಕೆರೆಗೆ ಹೋಗೋ ಅಭ್ಯಾಸ ಐತ್ರಿ, ಮುಂದೂ ಹೋಗಬೋದಾ?" ಎಂದು ಕೇಳಿದಳು. ಅವರು "ನೋಡೋಣ ಬಿಡು" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇಷ್ಟೇ ಅಲ್ಲ, ಅವತ್ತು ನನ್ನ ಕೈಯ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿಂದರು. ಚೆನ್ನಾಗಿದೆ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಮನೆ ನೋಡಿದರು, ಸುಮ್ಮನಿದ್ದರು. ಮಗಳು ಹಾಕಿದ ರಂಗೋಲಿ ನೋಡಿದರು, ಸುಮ್ಮನಿದ್ದರು. ಅವರು ಹೋದ ಮೇಲೆ ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಬೀಗರ ಮೇಲೆ ತೀರಿಸಿಕೊಳ್ಳುವ ಹಾಗಿಲ್ಲವಲ್ಲ. ಬೀಗರೆಂದರೆ ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಅವರಾಗೇ ಹೂಂ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಬ್ಯಾಡ ಬಿಡಮ್ಮ, ಇದಕ್ಕೆಲ್ಲ ಜಗಳ ಯಾಕ?" ಎಂದಳು ಮಗಳು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ನಿಶ್ಚಿತಾರ್ಥವಾಯಿತು. ಮದುವೆ ಶ್ರಾವಣಕ್ಕೆ. ನಡುವೆ ಆಷಾಢ ಬಂತು. ಆಷಾಢದಲ್ಲಿ ಬೀಗರು ಬೀಗರ ಮನೆಗೆ ಶುಭಕಾರ್ಯದ ಮಾತಿಗೆ ಹೋಗುವುದಿಲ್ಲ, ಹೊಸದೇನನ್ನೂ ಶುರು ಮಾಡುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ವರ್ಷದ ಗಾಳಿಯೆಲ್ಲ ಬೀಸುವುದು ಆ ತಿಂಗಳಲ್ಲೇ. ಮಳೆ ಮಲೆನಾಡಿನಲ್ಲಿ ಸುರಿದು ಮುಗಿಸಿ, ನಮಗೆ ಬರೀ ಗಾಳಿಯನ್ನು ಕಳಿಸುತ್ತದೆ. ಟೆರೇಸಿನ ಮೇಲೆ ಒಣಹಾಕಿದ ಪಂಚೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಜನ ಈ ಗಾಳಿಯನ್ನು ಬೈಯುತ್ತಾರೆ. ನಾವು ತಾಯಿ ಮಗಳು ವರ್ಷವಿಡೀ ಅದಕ್ಕಾಗಿ ಕಾಯುತ್ತೇವೆ.

ಅಂಥ ಒಂದು ಭಾನುವಾರ ಮಗಳು ಕೆರೆಯ ನಡುವೆ ಇದ್ದಳು. ಒಂದು ಒಡಲು ನೀರು ಬಿಟ್ಟು ಮೇಲೆದ್ದಿತ್ತು. ಅವಳು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಂಬದಿಂದ ಬರುವ ತಂತಿಗೆ ಸಿಕ್ಕಿಸಿಕೊಂಡು, ಆ ಎದ್ದ ಒಡಲಿನ ಅಂಚಿನ ಮೇಲೆ ಎರಡೂ ಕಾಲೂರಿ, ಮೈಯನ್ನೆಲ್ಲ ಹೊರಗೆ ಚಾಚಿ ನಿಂತಿದ್ದಳು. ಅಷ್ಟು ಹೊತ್ತಿಗೆ ದಂಡೆಯ ಮೇಲೆ ಒಂದು ಕಾರು ಬಂದು ನಿಂತಿತು. ಇಳಿದವರು ನಮ್ಮ ಬೀಗಿತಿ. ಕೈಯಲ್ಲಿ ಸ್ಟೀಲ್ ಡಬ್ಬಿ.

"ಹೊಲಕ್ಕೆ ಹೊಂಟಿದ್ದೆ, ಹಾದಿಯಾಗೆ ಐತಲ್ಲ ಅಂತ ಬಂದೆ. ಶೇಂಗಾ ಹೋಳಿಗೆ ಅದಾವೆ ತಗಳ್ರಿ" ಎಂದರು. ಅವರ ಹೊಲ ಇರುವುದು ಹರಿಹರದ ಆ ಕಡೆಗೆ. ರೇಷ್ಮೆ ಅಂಚಿನ ಸೀರೆ ಉಟ್ಟು ಹೊಲಕ್ಕೆ ಯಾರೂ ಹೋಗುವುದಿಲ್ಲ. ನಾನು ಅದನ್ನೆಲ್ಲ ಎತ್ತದೆ, "ಬರ್ರಿ ಬೀಗ್ರೇ, ಕೂಡ್ರಿ" ಎಂದು ಯಜಮಾನರನ್ನೇ ಎಬ್ಬಿಸಿ ಕುರ್ಚಿ ಕೊಟ್ಟೆ. ಯಜಮಾನರು ಪೇಪರ್ ಮಡಿಚಿಕೊಂಡು ಬೇವಿನ ಮರದ ಕೆಳಗೆ ಹೋಗಿ ನಿಂತರು.

ಬೀಗಿತಿ ಕೆರೆಯನ್ನೇ ನೋಡುತ್ತ ಬಹಳ ಹೊತ್ತು ಕೂತರು. ತಮ್ಮ ಭಾವಿ ಸೊಸೆ ಒಂದು ತಂತಿಗೆ ನೇತಾಡಿಕೊಂಡು ನೀರಿನ ಮೇಲೆ ಹಾರುತ್ತಿರುವುದನ್ನು ನೋಡಿದರೆ ಯಾರು ತಾನೇ ಹೂಂ ಎನ್ನುತ್ತಾರೆ? ಮುಗೀತು ಕಥೆ ಎಂದುಕೊಂಡೆ.

"ಇದ್ರಾಗೆ ಒಬ್ರೇ ಹೋಗೋದೇನ್ರಿ?" ಎಂದರು.

"ಹೂಂ ರೀ, ಒಬ್ರಿಗೇ ಮಾಡಿದ್ದು."

ದೋಣಿಯ ಕಡೆ ಕೈ ತೋರಿಸಿ, "ಇಬ್ರು ಕೂತ್ರೆ ಏನಾಗ್ತೈತೆ?"

"ಏನಾಗಲ್ರಿ, ಸ್ವಲ್ಪ ನಿಧಾನ ಆಗ್ತೈತೆ ಅಷ್ಟೇ."

ಆಮೇಲೆ ಸೆರಗು ಸರಿಮಾಡಿಕೊಂಡು, "ಒಬ್ರು ದಪ್ಪ ಇದ್ರೆ?"

ನನ್ನ ದಡ್ಡತನ ನೋಡಿ. ಅವರು ಅಪಾಯ ಅಳೆಯುತ್ತಿದ್ದಾರೆ ಎಂದುಕೊಂಡು ನಾನು ಲೈಫ್ ಜಾಕೆಟ್ಟು, ಮೀನುಗಾರರ ತೆಪ್ಪ, ಮೊಬೈಲಿನಲ್ಲಿ ಗಾಳಿಯ ಮುನ್ಸೂಚನೆ ಎಂದು ಉದ್ದಕ್ಕೆ ಭಾಷಣ ಬಿಗಿದೆ. ಅವರು ಹೂಂ ಹೂಂ ಎನ್ನುತ್ತ ಕೇಳಿದರು. ಅಷ್ಟರಲ್ಲಿ ಮಗಳು ದಡ ಸೇರಿ, ಭಾವಿ ಅತ್ತೆಯನ್ನು ಕಂಡು ಒದ್ದೆ ಬಟ್ಟೆಯಲ್ಲೇ ನಮಸ್ಕಾರ ಮಾಡಿದಳು. ಅವರು ಅವಳನ್ನೂ "ಇಬ್ರು ಕೂತ್ರೆ ಮುಳುಗಲ್ಲಾ?" ಎಂದು ಕೇಳಿದರು. ಮಗಳು ನನ್ನನ್ನು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ಅಮ್ಮ, ಅವರಿಗೆ ಕೂಡ್ರಬೇಕು ಅಂತ ಐತೆ. ಬಾಯಿಬಿಟ್ಟು ಕೇಳಾಕೆ ಆಗ್ತಿಲ್ಲ. ನಿಂಗೆ ತಿಳೀತಿಲ್ವಾ?"

"ಹಂಗಾದ್ರೆ ನೀನೇ ಕರ್ಕೊಂಡು ಹೋಗು."

"ನಾನು ಬೀಳಿಸಿದ್ರೆ ಮದುವೆ ಮನೆತುಂಬ ಅದೇ ಮಾತಾಗ್ತೈತೆ. ನೀನು ಹೋಗು. ಅವರ ತೂಕ ಎಷ್ಟು ಅಂತ ಒಂದು ಮಾತು ಕೇಳು."

ಬೀಗರ ತೂಕ ಕೇಳುವುದುಂಟೆ! ನಾನು ಹೋಗಿ, "ಬೀಗ್ರೇ, ಒಂದು ಸುತ್ತು ಬರ್ತೀರಾ?" ಎಂದೆ. ಅವರು "ಅಯ್ಯೋ ಬ್ಯಾಡ್ರಿ, ನಾನೆಲ್ಲಿ" ಎಂದರು. ಮತ್ತೆ ಕರೆದೆ. "ಬ್ಯಾಡ ಬ್ಯಾಡ, ಜನ ನಗ್ತಾರೆ" ಎನ್ನುತ್ತ ಕೈಗಡಿಯಾರ ಬಿಚ್ಚಿ ಕಾರಿನಲ್ಲಿಟ್ಟರು. ಮೂರನೆಯ ಸಲ ಕರೆಯುವ ಹೊತ್ತಿಗೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ, ನಾಟಿ ಹಚ್ಚುವ ಹೆಂಗಸರ ಹಾಗೆ ಕಚ್ಚೆ ಹಾಕಿ ಕಟ್ಟಿ ಮುಗಿಸಿದ್ದರು. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಕೊನೆಯ ತೂತಿನವರೆಗೆ ಸಡಿಲಿಸಬೇಕಾಯಿತು.

ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ಚಾಪೆಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲು ಮೊದಲಿಟ್ಟು ಹತ್ತಿದರು. ನಾನು ಟವೆಲ್ ಹಾಸಿ ಕೂರಿಸಿದೆ. ಬೀಗರನ್ನು ಬರೀ ಬಲೆಯ ಮೇಲೆ ಕೂರಿಸುವುದು ಹೇಗೆ? ಮಗಳು ದೂಡಿದಳು. ಗಾಳಿ ಹಾಯಿಗೆ ಸಿಕ್ಕಿತು. ದೋಣಿಗೆ ಒಮ್ಮೆ ಆಶ್ಚರ್ಯವಾದಂತಾಯಿತು, ಆಮೇಲೆ ಹಿಂಭಾಗವನ್ನು ನೀರಿಗೆ ಕೊಟ್ಟು, ತುಂಬಿದ ಸಿಟಿ ಬಸ್ಸಿನ ಹಾಗೆ ಹೊರಟಿತು.

ಈಗ ಒಂದು ವಿಷಯ ಹೇಳಬೇಕು. ಹಾಯಿದೋಣಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಗಲಾರದು. ಅಡ್ಡಡ್ಡ ಹೋಗಿ ತಿರುಗಬೇಕು, ಮತ್ತೆ ಅಡ್ಡ ಹೋಗಿ ತಿರುಗಬೇಕು. ಪ್ರತಿ ತಿರುವಿನಲ್ಲೂ ಹಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುತ್ತದೆ. ಕೂತವರು ತಲೆ ಬಗ್ಗಿಸಿ, ಅದರ ಅಡಿಯಲ್ಲಿ ನುಸುಳಿ, ಎದುರು ಕಡೆಗೆ ಹೋಗಬೇಕು. ಹಾಯಿ ಆ ಕಡೆ, ನಮ್ಮ ಭಾರ ಈ ಕಡೆ. ಇದಿಷ್ಟೂ ಕ್ಷಣಮಾತ್ರದಲ್ಲಿ ಆಗಬೇಕು. ಗೋವಾದಲ್ಲಿ ಮಗಳಿಗೆ ಕಲಿಸುವಾಗ ನಾನು "ಈಚೆ ಸರಿ!" ಎಂದು ಕಿರುಚುತ್ತಿದ್ದೆ, ಆಗಿಹೋಗುತ್ತಿತ್ತು.

ಬೀಗಿತಿಗೆ ಹಾಗೆ ಕಿರುಚುವುದು ಹೇಗೆ? ಗಂಡಿನ ತಾಯಿ! ಮದುವೆಗೆ ಇನ್ನೂ ಒಂದು ತಿಂಗಳಿದೆ! ಮೊದಲ ತಿರುವು ಹತ್ತಿರ ಬಂದಾಗ ನಾನು ಶುರುಮಾಡಿದೆ: "ಬೀಗ್ರೇ, ನಿಮಗೇನೂ ತೊಂದರಿ ಇಲ್ಲಾಂದ್ರೆ, ಒಂದು ಸ್ವಲ್ಪ ತಲಿ ಬಗ್ಗಿಸಿ, ನಿಧಾನಕ್ಕೆ ಈ ಕಡೆ..." ಮಾತು ಮುಗಿಯುವಷ್ಟರಲ್ಲಿ ಹಾಯಿ ತಾನೇ ದಾಟಿ ಅವರ ತುರುಬನ್ನು ಸವರಿಕೊಂಡು ಹೋಗಿತ್ತು. ಹೇಗೋ ತೆವಳಿ ಬಂದರು. ಗಾಳಿ ಕಡಿಮೆ ಇದ್ದದ್ದರಿಂದ ಬದುಕಿಕೊಂಡೆವು.

ಎರಡನೆಯ ತಿರುವು ಕೆರೆಯ ನಡುವೆ. ಗುಡ್ಡದ ಕಡೆಯಿಂದ ಗಾಳಿ ನೀರನ್ನು ಕಪ್ಪು ಮಾಡುತ್ತ ಬರುತ್ತಿತ್ತು. ಚುಕ್ಕಾಣಿ ತಿರುಗಿಸಿ, "ಬೀಗ್ರೇ, ಬರ್ರಿ, ಈ ಕಡೆ ಬರ್ರಿ" ಎಂದೆ.

"ನೀವು ಮೊದ್ಲು ಹೋಗ್ರಿ" ಎಂದರು ಅವರು.

"ಇಲ್ರೀ, ನೀವು ಹೋಗ್ರಿ, ನಾನು ಹಿಂದೆ ಬರ್ತೀನಿ."

"ಎಲ್ಲಾರ ಉಂಟೇನ್ರಿ, ನಿಮ್ಮ ದೋಣಿ, ನೀವು ಮೊದ್ಲು."

ಈ ಉಪಚಾರ ನಡೆಯುತ್ತಿರುವಾಗ ಹಾಯಿ ದಾಟಿ ನಾವಿಬ್ಬರೂ ಇದ್ದ ಕಡೆಗೇ ಬಂತು. ಇಬ್ಬರು ಬೀಗಿತಿಯರು, ಒಂದು ಹಾಯಿ, ಎಲ್ಲ ಒಂದೇ ಮಗ್ಗುಲಿಗೆ. ಗಾಳಿ ಬಂದು ಒಂದೇ ಒಂದು ಸಲ ತಟ್ಟಿತು. ಎದುರು ಕಡೆಯ ಒಡಲು ಆಕಾಶಕ್ಕೆ ಹೋಯಿತು, ಕಂಬ ನೀರಿಗೆ ಬಂತು, ನಾವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದೆವು.

ನೀರಿನಿಂದ ತಲೆ ಎತ್ತುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಮಾತು. ಮಗಳ ಭಾನುವಾರ ಹೋಯಿತು. ಮದುವೆಯೇ ಉಳಿಯುತ್ತದೋ ಇಲ್ಲವೋ. ಗಂಡಿನ ತಾಯಿಯನ್ನು ಆಷಾಢ ಮಾಸದಲ್ಲಿ ಕರೆದುಕೊಂಡು ಹೋಗಿ ಕೆರೆಗೆ ಹಾಕಿದ ಹೆಂಗಸು ಎಂದು ದಾವ‌ಣಗೆರೆಯಿಂದ ಹರಿಹರದವರೆಗೆ ನನ್ನ ಹೆಸರು ನಿಲ್ಲುತ್ತದೆ. "ಬೀಗ್ರೇ! ಬೀಗ್ರೇ!" ಎಂದು ಕೂಗಿದೆ.

ಬೀಗಿತಿ ದೋಣಿಯ ಆಚೆ ಬದಿಯಿಂದ ಆರಾಮಾಗಿ ಈಜಿಕೊಂಡು ಬಂದರು. ತುರುಬು ಬಿಚ್ಚಿ ಮುಖದ ಮೇಲೆ ಹರಡಿತ್ತು. ಕಡರನಾಯಕನಹಳ್ಳಿಯ ಅವರ ತವರಿನಲ್ಲಿ ಬೆನ್ನಿಗೆ ಡಬ್ಬ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಬಾಯಲ್ಲಿದ್ದ ನೀರನ್ನು ಉಗುಳಿ, ನನ್ನನ್ನು ದಿಟ್ಟಿಸಿ ನೋಡಿದರು.

"ಅಲ್ರೀ ಬೀಗ್ರೇ, ನಿಮಗೆ ಬೈಯಾಕೆ ಬರಲ್ವೇನ್ರಿ? ನಮ್ಮ ಗೋಡೌನಿನಾಗೆ ಲಾರಿಯಿಂದ ಚೀಲ ಇಳಿಸೋವಾಗ ನಾನು ನಿಮ್ಮಂಗೆ 'ತೊಂದರಿ ಇಲ್ಲಾಂದ್ರೆ' ಅಂತ ಕೂತ್ರೆ ಹಮಾಲಿ ಕಾಲು ಮುರೀತೈತೆ. ಬೈಯ್ರಿ!"

"ನಿಮಗೆ ಹೆಂಗ್ರಿ ಬೈಯೋದು?"

"ಮದುವ್ಯಾಗೆ ಹಾಡು ಹೇಳಿ ಬೈತೀರಲ್ಲ, ಹಂಗೇ ಬೈಯ್ರಿ. ಆವಾಗ ಏಳೇಳು ತಲಿಗೆ ಬೈದ್ರೂ ಯಾರೂ ಸಿಟ್ಟಾಗಲ್ಲ. ಒಂದು ತಿಂಗ್ಳು ಮೊದ್ಲೇ ಶುರು ಮಾಡ್ರಿ, ಏನಾತು?"

ನಾನು ನಕ್ಕೆ ನೋಡಿ, ಆ ನಗುವಿನಲ್ಲೇ ಇನ್ನೆರಡು ಗುಟುಕು ಕೆರೆ ಕುಡಿದೆ. ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು!

ಮಗುಚಿದ ದೋಣಿಯನ್ನು ಎತ್ತುವುದು ಭಾರದ ಕೆಲಸ. ಕೆಳಗಿನ ಒಡಲಿನ ಮೇಲೆ ನಿಂತು, ಮೇಲಿನ ಒಡಲಿಗೆ ಕಟ್ಟಿದ ಹಗ್ಗ ಹಿಡಿದು ಹಿಂದಕ್ಕೆ ಜೋತುಬೀಳಬೇಕು. ಸಣಕಲು ಜನ ಅರ್ಧ ಗಂಟೆ ಜೋತಾಡಿದರೂ ಕೆಲವೊಮ್ಮೆ ಅದು ಏಳುವುದಿಲ್ಲ. ನಾವಿಬ್ಬರೂ ಹತ್ತಿ ನಿಂತು, ಹಗ್ಗ ಹಿಡಿದು, ಒಟ್ಟಿಗೆ ಹಿಂದಕ್ಕೆ ಬಿದ್ದೆವು. ದೋಣಿ ಎರಡನೆಯ ಮಾತಿಲ್ಲದೆ ಎದ್ದು ನಿಂತಿತು. ನನ್ನ ತೂಕದ ಬಗ್ಗೆ ನನಗೆ ಹೆಮ್ಮೆ ಎನಿಸಿದ್ದು ಅದೇ ಮೊದಲು. ಟವೆಲ್ ಕೆರೆಯ ಪಾಲಾಯಿತು.

ಆಮೇಲಿನ ಒಂದು ಗಂಟೆಯನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಮುಂದಿನ ತಿರುವಿನಲ್ಲಿ ನಾನು ಗಂಟಲು ಬಿಚ್ಚಿ, ಸೋಬಾನೆಯ ಧಾಟಿಯಲ್ಲೇ ಕಟ್ಟಿದೆ:

"ಹರಿಹರದ ಬೀಗಿತಿ ಹಾಸುಗಲ್ಲು ಕಾಣವ್ವ,
ಹೇಳಿದ್ರೆ ಅಲುಗಳು, ತಳ್ಳಿದ್ರೆ ಸರಿಯಳು,
ಗಾಳಿ ಬಂತು ಬಾರೇ ಈಚೀಗೆ!"

"ಬಾರೇ" ಎನ್ನುವಷ್ಟರಲ್ಲಿ ಹಾಸುಗಲ್ಲು ಅಳಿಲಿನ ಹಾಗೆ ಹಾಯಿಯ ಅಡಿ ನುಸುಳಿ ನನ್ನ ಪಕ್ಕ ಬಂದು ಕೂತಿತ್ತು. ಅದರ ಮುಂದಿನ ತಿರುವಿಗೆ ಉತ್ತರ ಬಂತು:

"ದಾವಣಗೆರೆ ಬೀಗಿತಿ ದೊಡ್ಡ ಮನಸಿನಾಕಿ,
ಕರದು ಕೂರಿಸಿದಳು, ಕೆರೆಯಾಗೆ ಮುಳುಗ್ಸಿದಳು,
ಚಾ ಸೈತ ಕೊಡಲಿಲ್ಲ ಬೀಗರಿಗೆ!"

ಗಾಳಿಯ ಜೊತೆ ಓಡುವಾಗ ಮೂತಿ ನೀರಿಗೆ ಚುಚ್ಚಿಕೊಳ್ಳದಂತೆ ಭಾರ ಹಿಂದೆ ಇರಬೇಕು. ಬೀಗರಿಗೆ ಹಿಂದಕ್ಕೆ ಹೋಗಿ ಎನ್ನುವುದು ಮದುವೆಮನೆಯಲ್ಲಾದರೆ ಪಂಚಾಯಿತಿ ಸೇರುವ ವಿಷಯ. ನಾನು ಅದನ್ನೂ ಹಾಡಿದೆ. ಅವರು ನನ್ನ ಅಡುಗೆಗೆ ಒಂದು ಚರಣ ಕಟ್ಟಿ ಹಾಡುತ್ತ ಹಿಂದೆ ಸರಿದರು. ಮೊದಲು ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಿದ್ದ ದೋಣಿ ಈಗ ಒಂದು ಹದಕ್ಕೆ ಬಂತು. ಕೊನೆಗೆ ಒಂದು ಒಳ್ಳೆಯ ಗಾಳಿ ಸಿಕ್ಕಿ, ನಾವಿಬ್ಬರೂ ಅಂಚಿನ ಮೇಲೆ ಕೂತು ಹಿಂದಕ್ಕೆ ಬಾಗಿದಾಗ, ಒಬ್ಬರಿಗೆಂದು ಮಾಡಿದ ಆ ದೋಣಿ ಇಬ್ಬರನ್ನೂ ಹೊತ್ತುಕೊಂಡೇ ಒಂದು ಒಡಲನ್ನು ನೀರಿನಿಂದ ಒಂದು ಗೇಣು ಎತ್ತಿತು. ಕೆಳಗೆ ನೀರಿನ ಸದ್ದು ನಿಂತುಹೋಯಿತು. ಬೀಗಿತಿ ಹಾಡನ್ನು ನಿಲ್ಲಿಸಿ, ನನ್ನ ಮೊಣಕೈ ಹಿಡಿದುಕೊಂಡು, "ಅಯ್ ಶಿವನೇ, ಹಾರಾಕ ಹತ್ತೈತಲ್ರೀ!" ಎಂದರು. ಅಷ್ಟು ಸುಖ ನಾನು ಒಬ್ಬಳೇ ಹೋದಾಗ ಎಂದೂ ಪಟ್ಟಿರಲಿಲ್ಲ.

ದಡಕ್ಕೆ ಬಂದಾಗ ಮಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದಳು. ಯಜಮಾನರು ಫ್ಲಾಸ್ಕಿನ ಚಹಾ ಕೊಟ್ಟು ಮತ್ತೆ ಬೇವಿನ ಮರ ಸೇರಿದರು. ಬೀಗಿತಿ ಸೆರಗು ಹಿಂಡುತ್ತ ಕೂತರು. ಇನ್ನು ಮುಚ್ಚುಮರೆ ಏನೆಂದು ನಾನು ನೇರವಾಗಿ ಕೇಳಿಯೇಬಿಟ್ಟೆ.

"ಬೀಗ್ರೇ, ಮಗಳು ಮದುವೆ ಆದ ಮ್ಯಾಲೆ ಇಲ್ಲಿಗೆ ಬರೋದು ನಿಮಗೆ ಒಪ್ಪಿಗೆ ಐತೋ ಇಲ್ವೋ? ಅವತ್ತು 'ನೋಡೋಣ' ಅಂದ್ರಿ, ಇವತ್ತಿನವರೆಗೂ ನಾನು ನಿದ್ದಿ ಮಾಡಿಲ್ಲ."

ಅವರು ಹಿಂಡುವುದನ್ನು ನಿಲ್ಲಿಸಿದರು. "ನನ್ನ ಮದುವ್ಯಾಗೆ ನಮ್ಮತ್ತೆ ನಮ್ಮ ತವರಿಗೆ ಬಂದು, ಕೊಟ್ಟಿಗಿ ನೋಡಿ, 'ಎತ್ತು ಚಲೋ ಅದಾವೆ' ಅಂದ್ರು. ಅಷ್ಟೇ ಅಂದದ್ದು, ಪಾಪ, ಮನಸಿನಾಗೆ ಏನೂ ಇಟ್ಕಂಡು ಅಂದದ್ದಲ್ಲ. ಮರುದಿನ ನಮ್ಮಪ್ಪ ಆ ಜೋಡಿ ಹೊಡಕಂಡು ಬಂದು ಹರಿಹರದ ಮನಿ ಮುಂದೆ ಕಟ್ಟಿ ಹೋದ. ಆ ವರ್ಷ ನಮ್ಮ ತವರಾಗೆ ಬ್ಯಾರೇರ ಎತ್ತು ಬೇಡಿ ತಂದು ಬಿತ್ತಿದ್ರು. ಗಂಡಿನ ಕಡೇರು ಚಲೋ ಐತೆ ಅಂದ್ರೆ ಕೊಡ್ರಿ ಅಂದಂಗೇ ಬೀಗ್ರೇ. ಅವತ್ತೇ ಅಂದ್ಕಂಡೆ, ನನ್ನ ಮಗನ ಮದುವ್ಯಾಗೆ ಬೀಗರ ಮನ್ಯಾಗೆ ಯಾವುದನ್ನೂ ಚಲೋ ಐತೆ ಅನ್ನಬಾರದು ಅಂತ. ನಿಮ್ಮ ದೋಣಿಗೆ ಹೂಂ ಅಂದ್ರೆ, ಮರುದಿನ ಲಾರಿಗೆ ಹಾಕಿ ನಮ್ಮ ಮನಿಗೇ ಕಳಿಸಿಬಿಟ್ರೆ?"

ಕಳಿಸುತ್ತಿದ್ದೆನೋ ಏನೋ! ಹೆಣ್ಣು ಹೆತ್ತವರ ಬುದ್ಧಿ ಹಾಗೆಯೇ ಓಡುತ್ತದೆ. ಆ ಮಾತಾಡದ ಬಾಯಿಯ ಮೇಲಿನ ಸಿಟ್ಟಿಗೆ ನಾನು ಎಷ್ಟು ಪಾತ್ರೆ ಕುಕ್ಕಿದ್ದೆ! "ಹೋಳಿಗೆ?" ಎಂದೆ.

"ಅಂಥ ಹೋಳಿಗೆ ನಾನು ತಿಂದಿಲ್ಲ. ಅದ್ನ ಕಳಿಸಿದ್ರೆ ಬ್ಯಾಡ ಅನ್ನಲ್ಲ" ಎಂದು ನಕ್ಕರು. ಆಮೇಲೆ ನಗು ಬಿಟ್ಟು, ದೂರದಲ್ಲಿ ಹಾಯಿ ಒರೆಸುತ್ತಿದ್ದ ಮಗಳನ್ನು ನೋಡಿ ದನಿ ಇಳಿಸಿದರು. "ಕೆರೆಗೆ ಬರ್ಲಿ, ದಿನಾ ಬೇಕಾದ್ರೂ ಬರ್ಲಿ. ನಂಗೆ ಇರೋ ಹೆದರಿಕಿನೇ ಬ್ಯಾರೆ. ನಿಮ್ಮ ಮಗಳು ನಾನು ಏನಂದ್ರೂ ಹೂಂ ಅಂತಾಳೆ. ಫೋನಿನಾಗೂ ಹೂಂ, ಎದುರಿಗೂ ಹೂಂ. ಹಂಗಿದ್ರೆ ಆಕಿ ಹೊಟ್ಟಿಯಾಗೆ ಏನೈತೆ ಅಂತ ನನಗೆ ಹೆಂಗೆ ತಿಳೀಬೇಕು? ನಾನು ಬಾಯಿ ಜೋರಿನಾಕಿ. ತಿಳೀದೆ ತುಳಿದುಬಿಟ್ರೆ?"

ನನ್ನ ಎದೆಯೊಳಗಿದ್ದ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದ ಹಾಗಾಯಿತು. ಕಣ್ಣು ತುಂಬಿ ಬಂತು. ಉತ್ತರ ಕೊಡುವ ಮೊದಲೇ ಬೀಗಿತಿ ಎದ್ದು ಮತ್ತೆ ಕಚ್ಚೆ ಬಿಗಿದು, "ಏ ಹುಡುಗಿ, ಬಾ ಇಲ್ಲಿ. ಈಗ ನೀನು ಕರ್ಕೊಂಡು ಹೋಗು ನನ್ನ" ಎಂದರು.

"ಅತ್ತೆ, ಗಾಳಿ ಜಾಸ್ತಿ ಆಗೈತ್ರಿ" ಎಂದಳು ಮಗಳು ಮೆಲ್ಲಗೆ.

"ಆಗ್ಲಿ. ನಡಿ."

ಹೊರಟರು. ಏಳೆಂಟು ವರ್ಷದ ಆ ಕೆರೆಯ ಒಡನಾಟದಲ್ಲಿ ನಾನು ಮಗಳ ಜೊತೆ ಇನ್ನೊಬ್ಬರನ್ನು ಆ ಚಾಪೆಯ ಮೇಲೆ ನೋಡಿದ್ದು ಅದೇ ಮೊದಲು. ಮೊದಲ ತಿರುವಿನಲ್ಲಿ ಮಗಳ ಬಾಯಿ ಅಲ್ಲಾಡಿದ್ದು ಕಂಡಿತು, ದನಿ ಕೇಳಿಸಲಿಲ್ಲ. ಬೀಗಿತಿ ಬೇಕೆಂದೇ ಕಿವಿಗೆ ಕೈ ಹಚ್ಚಿ, ಕೂತಲ್ಲಿಂದ ಅಲ್ಲಾಡದೆ ಕೂತರು. ದೋಣಿ ಅವರ ಕಡೆಗೆ ವಾಲಿತು. ಇನ್ನೊಂದು ಒಡಲು ಏಳತೊಡಗಿತು, ಎದ್ದಿತು, ಇನ್ನೂ ಎದ್ದಿತು. ನಾನು ನೀರಿನ ಅಂಚಿಗೆ ಓಡಿದೆ.

ಆಗ ಕೆರೆಯ ಮೇಲಿಂದ ಒಂದು ದನಿ ಬಂತು. ಮೀನು ಹಿಡಿಯುವವರು ತೆಪ್ಪದಲ್ಲಿ ತಿರುಗಿ ನೋಡುವಂಥ ದನಿ.

"ಅತ್ತೆ! ಬಗ್ಗ್ರಿ! ಈ ಕಡೆ ಬರ್ರಿ ಅಂದೆ! ಈಗ! ಈಗ ಅಂದ್ನಲ್ಲ!"

ಬೀಗಿತಿ ಬಗ್ಗಿ, ನುಸುಳಿ, ಅವಳ ಪಕ್ಕ ಬಂದು ಬಿದ್ದರು. ಒಡಲು ಇಳಿಯಿತು, ಹಾಯಿ ತುಂಬಿತು, ದೋಣಿ ಬಾಣದ ಹಾಗೆ ಹೊರಟಿತು. "ಹಿಂದೆ ಸರೀರಿ! ಇನ್ನೂ ಹಿಂದೆ! ಅಲ್ಲಲ್ಲ, ಅಷ್ಟು ಬ್ಯಾಡ!" ನಮ್ಮ ಹುಡುಗಿ ತನ್ನ ಅತ್ತೆಯನ್ನು ಕೆರೆಯ ಈ ತುದಿಯಿಂದ ಆ ತುದಿಯವರೆಗೆ ಗದರಿಸಿಕೊಂಡು ಹೋದಳು. ಅತ್ತೆ ಹೇಳಿದ ಹಾಗೆ ಕೇಳುತ್ತ, ಕೆರೆ ತುಂಬುವ ಹಾಗೆ ನಗುತ್ತಿದ್ದರು.

ಯಜಮಾನರು ಬೇವಿನ ಮರ ಬಿಟ್ಟು ಓಡಿ ಬಂದರು. "ಏನೇ ಅದು, ಜಗಳಾನಾ?"

"ಅಲ್ರೀ, ಸುಮ್ನಿರ್ರಿ" ಎಂದೆ. ನನಗೆ ಅಳು ತಡೆಯಲಾಗಲಿಲ್ಲ. ಸೆರಗಿಲ್ಲದ ಬಟ್ಟೆ, ಲೈಫ್ ಜಾಕೆಟ್ಟಿನಲ್ಲಿ ಕಣ್ಣು ಒರೆಸಿಕೊಂಡೆ.

ಶ್ರಾವಣದಲ್ಲಿ ಮದುವೆಯಾಯಿತು. ಮಗಳನ್ನು ಒಪ್ಪಿಸಿಕೊಡುವ ಹೊತ್ತಿಗೆ ನಮ್ಮ ಕಡೆಯ ಹೆಂಗಸರೆಲ್ಲ ಕಣ್ಣೀರು ಹಾಕಿದರು. ಯಜಮಾನರು ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ನಾನೊಬ್ಬಳು ನಗುನಗುತ್ತ ನಿಂತಿದ್ದೆ. "ಎಂಥ ಕಲ್ಲು ಮನಸ್ಸವ್ವ ಈಕೀದು" ಎಂದು ಯಾರೋ ಹಿಂದೆ ಅಂದದ್ದು ಕೇಳಿಸಿತು. ಅವರಿಗೇನು ಗೊತ್ತು, ಅವಳನ್ನು ನಾನು ಒಪ್ಪಿಸಿಕೊಟ್ಟು ಆಗಲೇ ಒಂದು ತಿಂಗಳಾಗಿತ್ತು, ಕೆರೆಯ ದಂಡೆಯ ಮೇಲೆ.